ಲಾಲಡಿಯನ್ನು ಲಾಲಡಿ ಎಂದವಳು

ಶಿರಾಲಿಯ ಬಂಗಾರಿಗೆ ಭಟ್ಕಳದ ಸಾಹೇಬರೊಬ್ಬರು ಗಾಜಿನ ಚೂರನ್ನು ಮಾಣಿಕವೆಂದು ಮಾರಿದರು, ಅದರಿಂದ ಅವಳ ಮಗಳ ಸಂಬಂಧ ಮುರಿಯಿತು ಎಂದು ಹೇಳುವವರು ಈಗಲೂ ಇದ್ದಾರೆ. ಬಂಗಾರಿ ತೀರಿಕೊಂಡ ಹನ್ನೊಂದನೆಯ ದಿನ ಅವಳದೇ ಅಂಗಳದಲ್ಲಿ, ಅವಳದೇ ಮನೆಯ ಅನ್ನ ಉಣ್ಣುತ್ತ ಅದನ್ನೇ ಹೇಳಿದರು. ಅದು ಸುಳ್ಳು. ಸಾಹೇಬರು ಮಾರಿದ್ದು ಗಾಜೂ ಅಲ್ಲ, ಮಾಣಿಕವೆಂದು ಹೇಳಿ ಮಾರಿದ್ದೂ ಅಲ್ಲ. ಸುಳ್ಳು ಹೇಳಿದವರು ಬೇರೆ.

ಬಂಗಾರಿ ಮೀನು ಮಾರುವವಳು. ಗಂಡ ದೋಣಿಯ ಜೊತೆಗೇ ಕಡಲ ಪಾಲಾದ ವರ್ಷ, ಮದುವೆಯಲ್ಲಿ ಅತ್ತೆಮನೆಯವರು ಹಾಕಿದ್ದ ಕೆಂಪು ಕಲ್ಲಿನ ಬೆಂಡೋಲೆಯನ್ನು ಮಾರಲೆಂದು ಹೊನ್ನಾವರದ ವಿಠ್ಠಲ ಶೇಟರ ಅಂಗಡಿಗೆ ಒಯ್ದಿದ್ದಳು. ಶೇಟರು ಚಿಮಟದ ತುದಿಯಿಂದ ಕಲ್ಲನ್ನು ಎಬ್ಬಿಸಿ ತೋರಿಸಿದರು. ಕಲ್ಲಿನ ಹಿಂದೆ ಕೆಂಪು ತಗಡು, ತಗಡಿನ ಹಿಂದೆ ಅರಗು. ಕಲ್ಲು ಮಾತ್ರ ಬಣ್ಣವೇ ಇಲ್ಲದ ಗಾಜು. ಶೇಟರು ನಕ್ಕರು. ಆ ಬೆಂಡೋಲೆ ಮಾಡಿದ್ದು ಅವರ ಅಪ್ಪ. ಹನ್ನೆರಡು ವರ್ಷ ಕಿವಿಯಲ್ಲಿ ಸುಳ್ಳನ್ನು ತೂಗುಹಾಕಿಕೊಂಡು ತಿರುಗಿದೆನಲ್ಲ ಎಂಬ ಸಿಟ್ಟು ಬಂಗಾರಿಯ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಮಗಳು ಸಣ್ಣಿಯ ಮೈಮೇಲೆ ಸುಳ್ಳಿಲ್ಲದ ಒಂದಾದರೂ ಕಲ್ಲು ಇರಬೇಕು ಎಂದು ಅವತ್ತೇ ಹಟ ತೊಟ್ಟಳು.

ಅರವತ್ತೆರಡನೆಯ ಇಸವಿಯಲ್ಲಿ ಭಟ್ಕಳದ ಗನಿ ಸಾಹೇಬರು ಕೊಲಂಬೋದ ಅಂಗಡಿ ಮುಚ್ಚಿ ಊರಿಗೆ ಬಂದರು. ಅವರ ಮನೆಗೆ ವರ್ಷಗಟ್ಟಲೆ ಮೀನು ಕೊಟ್ಟವಳು ಬಂಗಾರಿ. ಸಣ್ಣಿಗೆ ಕುಮಟೆಯ ಸಂಬಂಧ ಕೂಡಿಬಂದಾಗ ನೇರ ಅವರ ಜಗಲಿಗೆ ಹೋದಳು. ಸಾಹೇಬರು ಕಾಗದದ ಪೊಟ್ಟಣ ಬಿಚ್ಚಿ, ಹುಣಸೆಬೀಜಕ್ಕಿಂತ ಚಿಕ್ಕದೊಂದು ಕೆಂಪು ಕಲ್ಲನ್ನು ಅವಳ ಅಂಗೈಗೆ ಹಾಕಿದರು. ಮೈತುಂಬ ಸಣ್ಣ ಸಣ್ಣ ಮುಖ ಕಡೆದ ಕಲ್ಲು. ಕೈ ಅಲುಗಿದಂತೆ ಕೆಂಡದ ಹಾಗೆ ಹೊಳೆಯಿತು.

“ಮಾಣಿಕವೋ ಸಾಯ್ಬ್ರೆ?”

“ಅಲ್ಲ. ಹೌದು ಅಂದಿದ್ರೆ ನೀನು ನಂಬ್ತಿದ್ದೆ. ಇದು ಲಾಲಡಿ. ಇಂಗ್ಲಿಷರು ಸ್ಪಿನೆಲ್ ಅಂತಾರೆ. ಸಿಲೋನಿನ ಹೊಳೆಮಣ್ಣಲ್ಲಿ ಮಾಣಿಕದ ಜೊತೆಗೇ ಸಿಗ್ತದೆ.”

“ಗಾಜಲ್ವಲ್ಲ?”

ಸಾಹೇಬರು ಕಲ್ಲಿನ ಅಂಚನ್ನು ಔಷಧದ ಬಾಟಲಿಯ ಮೇಲೆ ಎಳೆದರು. ಬಾಟಲಿಗೆ ಗೀರು ಬಿತ್ತು, ಕಲ್ಲಿಗೆ ಏನೂ ಆಗಲಿಲ್ಲ. ಆಮೇಲೆ ಭೂತಗನ್ನಡಿ ಕೊಟ್ಟು, “ಮಷೀನಲ್ಲಿ ಮಾಡಿದ್ದೂ ಈಗ ಬರ್ತದೆ. ಇದ್ರ ಒಳಗೆ ನೋಡು” ಎಂದರು.

ಬಂಗಾರಿ ಒಂದು ಕಣ್ಣು ಮುಚ್ಚಿ ನೋಡಿದಳು. ಒಳಗೆ ಸಣ್ಣ ಸಣ್ಣ ಚುಕ್ಕೆಗಳ ಸಾಲು. “ಮೀನಿನ ತತ್ತಿ ಇದ್ದಾಂಗೆ ಅದೆ.”

“ಅದೇ ಗುರುತು. ಮಣ್ಣಲ್ಲಿ ಹುಟ್ಟಿದ್ದಕ್ಕೆ ಅದಿರ್ತದೆ. ಇನ್ನೊಂದು ಕೇಳು. ಮಾಣಿಕದ ಮಗ್ಗುಲು ತಿರುಗಿಸಿದ್ರೆ ಬಣ್ಣ ಚೂರು ಬದಲಾಗ್ತದೆ. ಲಾಲಡಿ ಎತ್ಲಾಗೆ ತಿರುಗಿಸಿದ್ರೂ ಒಂದೇ ಬಣ್ಣ.”

“ಹಾಂಗಾದ್ರೆ ನಂಗೆ ಇದೇ ಆತು” ಎಂದಳು ಬಂಗಾರಿ. ಬೆಲೆ ಕೇಳಿ ಮಾತ್ರ ಮುಖ ಸಿಂಡರಿಸಿದಳು. “ನಿನ್ನೆಯ ಬಂಗಡೆಯನ್ನ ಇವತ್ತಿಂದು ಅಂತ ನಾ ನಿಮ್ಮನೆಗೆ ಎಂದಾದ್ರೂ ಕೊಟ್ಟೇನೋ ಸಾಯ್ಬ್ರೆ?”

“ಕೊಟ್ಟಿದ್ರೆ ನಮ್ಮಮ್ಮ ನಿನ್ನ ಬುಟ್ಟಿ ಗಟಾರಕ್ಕೆ ಹಾಕ್ತಿದ್ರು” ಎಂದು ನಕ್ಕು ಸಾಹೇಬರು ಇಳಿಸಿದರು. ಗಂಡ ಹೋದಮೇಲೆ ತೆಗೆದಿಟ್ಟಿದ್ದ ಕೊರಳಿನ ಚಿನ್ನದ ಗುಂಡುಗಳನ್ನು ಮಾರಿ ಬಂಗಾರಿ ಕಲ್ಲು ಕೊಂಡಳು.

ಉಂಗುರಕ್ಕೆ ಕೂರಿಸಲು ಕೊಟ್ಟಿದ್ದು ಅದೇ ವಿಠ್ಠಲ ಶೇಟರಿಗೆ. ಹತ್ತಿರದಲ್ಲಿ ಆ ಕೆಲಸ ಬಲ್ಲವರು ಅವರೇ. “ಹಿಂದೆ ಎಂತದೂ ಹಾಕೂಕಾಗ ಶೇಟ್ರೆ. ಬೆಳಕು ಆಚೆಯಿಂದ ಈಚೆ ಬರ್ಬೇಕು” ಎಂದು ಮೂರು ಸಲ ಹೇಳಿದಳು. ತಗಡಿಲ್ಲದೆ ಕಲ್ಲು ಕೂರಿಸುವ ಪದ್ಧತಿಯೇ ನಮ್ಮಲ್ಲಿಲ್ಲ ಎಂದು ಗೊಣಗುತ್ತ ಶೇಟರು ಒಪ್ಪಿಕೊಂಡರು.

ವೀಳ್ಯ ಬದಲಿಸಿ ಸಂಬಂಧ ನಿಶ್ಚಯಿಸುವ ದಿನ, ಸಣ್ಣಿಯನ್ನೂ ಕರೆದುಕೊಂಡು ಕುಮಟೆಗೆ ಹೋಗುವ ದಾರಿಯಲ್ಲಿ ಶೇಟರಿಂದ ಉಂಗುರ ಬಿಡಿಸಿಕೊಂಡು ಬಂದವನು ಮೈದುನ ವೆಂಕಟ. ಪೆಟ್ಟಿಗೆಯನ್ನು ಬಂಗಾರಿಯ ಕೈಗೆ ಕೊಡಲೇ ಇಲ್ಲ. ಗಂಡಿನ ಮನೆಯ ಚಾವಡಿಯಲ್ಲಿ, ಹತ್ತು ಜನರ ನಡುವೆ, ಹುಡುಗನ ತಾಯಿ ಮಂಜಿಯ ಮುಂದೆ ಮುಚ್ಚಳ ತೆಗೆದ. “ಕೊಲಂಬೋದ ಮಾಣಿಕ. ನಮ್ಮ ಹುಡುಗಿಗೆ ಕಮ್ಮಿ ಮಾಡ್ಲಿಲ್ಲ ನಾವು.”

ಬಂಗಾರಿ ಉಂಗುರ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಬೆಳಕು ದಾಟಲಿಲ್ಲ. ಕಲ್ಲಿನ ಬೆನ್ನಿಗೆ ಚಿನ್ನದ ಮುಚ್ಚಳ ಬಡಿದಿತ್ತು, ಒಳಗಿನ ತಗಡು ಕುಂಕುಮ ಮೆತ್ತಿದಂತೆ ದಪ್ಪ ಕೆಂಪು ಕಾರುತ್ತಿತ್ತು. ಸಾಹೇಬರ ಜಗಲಿಯಲ್ಲಿ ಉರಿಯುತ್ತಿದ್ದ ಕಲ್ಲನ್ನು ಹೂತುಹಾಕಿದ್ದರು.

“ಇದನ್ನ ಮುಚ್ಚೂಕೆ ಯಾರು ಹೇಳಿದ್ದು?”

“ನಾನೇ” ಎಂದ ವೆಂಕಟ ತಗ್ಗಿದ ದನಿಯಲ್ಲಿ. “ಮಾಣಿಕದ ಬಣ್ಣ ಬರ್ಲಿ ಅಂತ. ಸುಮ್ನಿರು ಅತ್ತಿಗೆ.”

ಅವಳು ಸುಮ್ಮನಿರಲಿಲ್ಲ. ಮಂಜಿಯ ಕಡೆ ತಿರುಗಿ, “ಇದು ಮಾಣಿಕ ಅಲ್ಲ ಅಕ್ಕ, ಲಾಲಡಿ. ಕಲ್ಲು ಖರೇದು, ಹೆಸರು ಸುಳ್ಳು” ಎಂದಳು.

ಹುಡುಗನ ತಂದೆ, “ಆತು, ಮಾಣಿಕ ಅಂತ್ಲೇ ಅನ್ನುವಾ. ಕಲ್ಲಿನ ಹೆಸರು ಯಾರು ಕೇಳ್ತಾರೆ? ನಾಲ್ಕು ಜನರ ಎದುರು ಮರ್ಯಾದಿ ಇರ್ಲಿ” ಎಂದರು.

“ನೀವು ಅನ್ನಿ. ನನ್ನ ಮಗಳ ಬಾಯಲ್ಲಿ ಅನ್ನಿಸ್ಬೇಡಿ.”

ವೀಳ್ಯದ ತಟ್ಟೆ ಬದಲಾಗಲಿಲ್ಲ. ತಿಳಿಸ್ತೇವೆ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಕೈ ಮುಗಿದು ಕಳಿಸುವಾಗ ಮಂಜಿ ಬಂಗಾರಿಯ ಮುಖ ನೋಡಲಿಲ್ಲ.

ಮರಳುವಾಗ ಶರಾವತಿ ದಾಟಿಸುವ ತಾರಿಯ ದೋಣಿ ನಡುಹೊಳೆಗೆ ಬಂದಾಗ ಸಣ್ಣಿ ಅವ್ವನ ಕಡೆ ತಿರುಗಿ ಕೇಳಿದಳು: “ಒಂದು ಹೆಸರಿಗೆ ನನ್ನ ಮದುವೆ ಕೆಡಿಸ್ದ್ಯಲ್ಲೇ ಅವ್ವ. ನಂಗೆ ಆ ಮನೆ ಮನಸ್ಸಿಗೆ ಬಂದಿತ್ತು ಗೊತ್ತದ್ಯಾ?”

ಬಂಗಾರಿಗೆ ಗೊತ್ತಿತ್ತು. ಆ ಹೊಳೆಯ ಮೇಲೆ ಅವಳ ಸಿಟ್ಟು ಸ್ವಲ್ಪ ತನ್ನ ಮೇಲೂ ತಿರುಗಿತು. ಆದರೆ ಆರಲಿಲ್ಲ.

ಮರುದಿನ ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ಒಂದು ಬುಟ್ಟಿ ಸಿಗಡಿ ಕೊಂಡು, ತಾರಿ ದಾಟಿ, ಶೇಟರ ಅಂಗಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ ಕೂತಳು. ಕರೆಯದಿದ್ದರೂ ಸಣ್ಣಿ ಹಿಂದೆಯೇ ಬಂದಿದ್ದಳು. ಬಿಸಿಲು ಏರಿತು. ಸಿಗಡಿ ನಾರತೊಡಗಿತು. ಸರ ಮಾಡಿಸಲು ಬಂದ ದಂಪತಿ ಮೂಗು ಮುಚ್ಚಿಕೊಂಡು ಎದುರಿನ ಅಂಗಡಿಗೆ ಹೋದರು.

“ಎದ್ದು ಹೋಗೇ ಮಾರಾಯ್ತಿ, ಗಿರಾಕಿ ಬರೂ ಹೊತ್ತು” ಎಂದರು ಶೇಟರು.

“ನಾನೂ ಗಿರಾಕಿಯೇ. ಉಂಗುರದ ಬೆನ್ನು ಬಿಡಿಸಿ ಕೊಡಿ, ಹೋಗ್ತೆ. ಇಲ್ದಿದ್ರೆ ನಾಳೆ ಏಡಿ ತರ್ತೆ.”

ಮಧ್ಯಾಹ್ನದವರೆಗೆ ತಡೆದ ಶೇಟರು ಕೊನೆಗೆ ಬೈಯುತ್ತಲೇ ಉಳಿ ಹಿಡಿದರು. ಮುಚ್ಚಳ ಕೊಯ್ದು, ತಗಡು ಕಿತ್ತು, ಅರಗು ಕೆರೆದರು. ಬೀದಿಯ ಬಿಸಿಲು ಉಂಗುರದ ಒಳಗೆ ನುಗ್ಗಿ ಮೆಟ್ಟಿಲ ಮೇಲೆ ಬಿತ್ತು, ಒಂದು ಸಣ್ಣ ಕೆಂಪು ಹನಿ. ಸಣ್ಣಿ ಅದನ್ನು ಬಗ್ಗಿ ನೋಡಿದಳು.

“ತಕ” ಎಂದರು ಶೇಟರು ಸಣ್ಣಿಗೆ ಉಂಗುರ ನೀಡುತ್ತ. “ಲಾಲಡಿ ಲಾಲಡಿ ಅಂತ ಊರಿಡೀ ಹೇಳ್ಕಂಡು ತಿರುಗು. ಯಾವನು ಕಟ್ಕಂತಾನೋ ನೋಡುವಾ.”

ಸಣ್ಣಿ ಉಂಗುರವನ್ನು ಬೆರಳಿಗೆ ತೊಟ್ಟುಕೊಂಡಳು. “ಕಟ್ಕಂಬವ ಬರೂವರೆಗೆ ಬುಟ್ಟಿ ಹೊರ್ತೆ ಶೇಟ್ರೆ” ಎಂದು ಸಿಗಡಿಯ ಬುಟ್ಟಿಯನ್ನು ಅವ್ವನಿಗಿಂತ ಮೊದಲೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.