ಅಪ್ಪನ ನಡುವಿಗೆ ಕಟ್ಟಿದ ಕಬ್ಬಿಣ

ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಎಂದು ತಿಳಿದಾಗ ನನಗೆ ಹತ್ತೊಂಬತ್ತು. ಅವನು ಸೊಲ್ಲಾಪುರದ ಗಿರಣಿಯಲ್ಲಿ ನೇಕಾರ. ಆಗಲೇ ರೊಟ್ಟಿ ಇಳಿಯುತ್ತಿರಲಿಲ್ಲ, ಗಂಜಿಯೂ ತಡೆದು ತಡೆದು ಇಳಿಯುತ್ತಿತ್ತು.

ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಬೀಡಿ ಸೇದಿದ ಶ್ವಾಸಕೋಶ ಆಪರೇಶನ್ ಆದಮೇಲೆ ಕೈಕೊಡುತ್ತದೆ. ಮೈಯಲ್ಲಿ ಕಸುವಿಲ್ಲದಿದ್ದರೆ ಒಳಗೆ ಹೊಲಿದ ಜಾಗ ಕೂಡುವುದಿಲ್ಲ. "ವಯಸ್ಸು ಯಾರ ಕೈಯಲ್ಲೂ ಇಲ್ಲ. ಈ ಎರಡು ನಿಮ್ಮ ಕೈಯಲ್ಲಿವೆ. ಒಂದು ತಿಂಗಳು ಬೀಡಿ ಬಿಡಲಿ, ನಾಲ್ಕು ಪೌಂಡಾದರೂ ಏರಲಿ. ಏರದಿದ್ದರೆ ಮೊದಲು ಹೊಟ್ಟೆಗೆ ನಳಿಗೆ ಹಾಕಿ ಹಾಲು ಕೊಡೋಣ. ಆಪರೇಶನ್ ನಂತರ ಬಘೂ."

ಆಮೇಲೆ ನೋಡೋಣ ಎಂಬ ಆ ಮಾತೇ ನಮ್ಮನ್ನು ಕೆಡಿಸಿತು. ಗಿರಣಿಯಲ್ಲಿ ಯಾರನ್ನಾದರೂ ಕೆಲಸಕ್ಕೆ ಬೇಡವೆನ್ನಲು ಹೇಳುತ್ತಿದ್ದುದೇ 'ನಂತರ ಬಘೂ'. ಅಪ್ಪನಿಗೆ ನಳಿಗೆಯ ಮಾತು ಕೇಳಿಸಲೇ ಇಲ್ಲ.

ಅಕ್ಕಲಕೋಟದಲ್ಲಿದ್ದ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಎಮ್ಮೆ ಹಾಲು ಕೊಡುತ್ತಿತ್ತು. ಮೂವತ್ತು ವರ್ಷದ ಬೀಡಿಯನ್ನು ಅಪ್ಪ ಒಂದೇ ದಿನಕ್ಕೆ ಬಿಟ್ಟ. ಆಮೇಲೆ ಒಂದನ್ನೂ ಮುಟ್ಟಲಿಲ್ಲ. ಆದರೆ ಹಾಲು ಇಳಿಯಬೇಕಲ್ಲ! ಅರ್ಧ ಲೋಟ ಕುಡಿದರೆ ಕಾಲು ಲೋಟ ಹೊರಗೆ ಬರುತ್ತಿತ್ತು. ತಿಂಗಳ ಕೊನೆಗೆ ತೂಕ ಇನ್ನೂ ಇಳಿದಿತ್ತು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಅಪ್ಪ ಒಂದು ಚೀಲ ತೆಗೆದ. ನೂಲು ಬಿಗಿಯಾಗಿರಲು ಮಗ್ಗಕ್ಕೆ ತೂಗಹಾಕುವ ಕಬ್ಬಿಣದ ತುಂಡುಗಳು. ಗಿರಣಿಗೆ ಆಳು ಸೇರಿಸಿಕೊಳ್ಳಲು ತೂಕ ನೋಡುವಾಗ ಸಣಕಲು ಹುಡುಗರು ಇವನ್ನೇ ಧೋತರದೊಳಗೆ ಕಟ್ಟಿಕೊಳ್ಳುತ್ತಿದ್ದರಂತೆ.

"ಬ್ಯಾಡಪ್ಪಾ," ಎಂದೆ.

"ಸಾವಿರ ಸುಳ್ಳ ಹೇಳಿ ಒಂದ ಮದುವಿ ಮಾಡ ಅಂತಾರವ್ವಾ. ಒಂದ ಸುಳ್ಳ ಹೇಳಿ ಜೀವಾ ಉಳಿಸಿಕೊಂಡ್ರ ಪಾಪ ಬರತೈತೇನು?"

ನಕ್ಕುಬಿಟ್ಟೆ. ಅಪ್ಪ ಬಹಳ ದಿನಗಳ ಮೇಲೆ ತಮಾಷೆಯ ಮಾತಾಡಿದ್ದ. ಹಳೆಯ ಸೀರೆ ಹರಿದು ಪಟ್ಟಿ ಹೊಲಿದು ನಾನೇ ಅವನ ನಡುವಿಗೆ ಬಿಗಿದೆ.

ತಕ್ಕಡಿಯ ಮುಳ್ಳು ಐದು ಪೌಂಡು ಹೆಚ್ಚು ತೋರಿಸಿತು. ಡಾಕ್ಟರು ಅಪ್ಪನ ಮುಖ ನೋಡಿದರು. "ಗಲ್ಲ ತುಂಬಿಲ್ಲವಲ್ಲ. ಉಣ್ಣುತ್ತಾರಾ?" ಎಂದು ನನ್ನನ್ನೇ ಕೇಳಿದರು. ನಿಜ ಹೇಳಲು ಅದೊಂದು ಗಳಿಗೆ ಇತ್ತು. ಅಪ್ಪ ನನ್ನತ್ತ ನೋಡುತ್ತಿದ್ದ.

"ಹೌದ್ರಿ. ಎರಡೂ ಹೊತ್ತು ಹಾಲು, ತತ್ತಿ ತಗೋತಾರ್ರಿ," ಎಂದೆ.

ಆಪರೇಶನ್ ಆಯಿತು. ಐದನೆಯ ದಿನ ಜ್ವರ ಏರಿತು. ಒಳಗಿನ ಹೊಲಿಗೆ ಬಿಟ್ಟು ಎದೆಯಲ್ಲಿ ಕೀವು ತುಂಬಿತ್ತು. ಶ್ವಾಸಕೋಶ ಕೊನೆಯವರೆಗೂ ಗಟ್ಟಿಯಾಗಿಯೇ ಇತ್ತಂತೆ. ಪ್ರಾಮಾಣಿಕವಾಗಿ ಮಾಡಿದ್ದು ಕೈಬಿಡಲಿಲ್ಲ. ಒಂಬತ್ತನೆಯ ದಿನ ಅಪ್ಪ ಹೋದ.

ವರಾಂಡದಲ್ಲಿ ಡಾಕ್ಟರು ನನ್ನ ಪಕ್ಕ ಬಂದು ನಿಂತರು. ಅವರ ಕಣ್ಣುಗಳೂ ಕೆಂಪಾಗಿದ್ದವು. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ನಿನ್ನದೇನೂ ತಪ್ಪಿಲ್ಲ ಮಗಳೇ. ಪಾಪ, ನೀನು ಚೆನ್ನಾಗಿಯೇ ಉಣ್ಣಿಸಿದ್ದೆ."