ಅವ್ವ ಮುಂಗಡವಾಗಿ ಹೇಳಿದ ಸಾಕ್ಷಿ

ಕಮಲಾಪುರದಲ್ಲಿ ನಮ್ಮ ಅವ್ವನಿಗೆ ದೊಡ್ಡ ಹೆಸರು. ನಮ್ಮ ಚರ್ಚಿನ ಸಭೆಯವರ ಪೈಕಿ ಯಾರ ಮನೆಯಲ್ಲಾದರೂ ಜ್ವರ ಇಳಿಯಲಿಲ್ಲವೆಂದರೆ ಮೊದಲು ಅವ್ವನಿಗೆ ಹೇಳಿ ಕಳಿಸುತ್ತಾರೆ, ದವಾಖಾನೆಯ ಮಾತು ಆಮೇಲೆ. ಅವ್ವ ತಲೆ ಮೇಲೆ ಸೆರಗು ಹೊದ್ದು, ಎಣ್ಣೆಯ ಶೀಶೆ ಹಿಡಿದು, ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಹೊರಡುತ್ತಾಳೆ. ರೋಗಿಯ ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು ಶುರುಮಾಡಿದಳೆಂದರೆ ಕರ್ತನಿಗೆ ಸಕಲ ಸುದ್ದಿಯೂ ಮುಟ್ಟುತ್ತದೆ. ರೋಗ ಯಾವುದು, ಯಾವ ಡಾಕ್ಟರು ಕೈಬಿಟ್ಟರು, ಸೊಸೆ ಹೊತ್ತಿಗೆ ಸರಿಯಾಗಿ ಗಂಜಿ ಕೊಡುತ್ತಾಳೋ ಇಲ್ಲವೋ, ಎಲ್ಲವೂ. ಪಕ್ಕದಲ್ಲೇ ಕಣ್ಣುಮುಚ್ಚಿ ಕೂತ ಸೊಸೆ ಎದ್ದು ಹೋಗುವ ಹಾಗಿಲ್ಲ, ವಾದ ಮಾಡುವ ಹಾಗೂ ಇಲ್ಲ. ಮಾರನೆಯ ದಿನದಿಂದ ಗಂಜಿ ತಪ್ಪದೆ ಬರುತ್ತಿತ್ತು. ಅರ್ಧ ರೋಗ ಆ ಗಂಜಿಗೇ ಹೋಗುತ್ತಿತ್ತೆಂದು ನನ್ನ ಅನುಮಾನ. ಹಾಗೆಂದರೆ ಅವ್ವ ನನ್ನನ್ನು ವಿಶ್ವಾಸ ಇಲ್ಲದಾಕಿ ಅನ್ನುತ್ತಾಳೆ.

ಸಭೆಯಲ್ಲಿ ಇನ್ನೊಂದು ಪದ್ಧತಿ ಇದೆ. ಗುಣವಾದವರು ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು. ನನಗೆ ಹೀಗಿತ್ತು, ಪ್ರಾರ್ಥನೆ ಮಾಡಿದರು, ಈಗ ಆರಾಮ. ಎಲ್ಲರೂ ‘ಸ್ತೋತ್ರ’ ಅನ್ನುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಆ ರೋಗ ಮುಗಿಯಿತು. ಮುಂದಿನ ವಾರ ಬೇರೆ ರೋಗಿ.

ನಮ್ಮ ಅಕ್ಕ ಅವ್ವನ ಜೊತೆಗೇ ಇದ್ದು ಅಂಗನವಾಡಿ ನಡೆಸುತ್ತಾಳೆ. ಅವಳಿಗೆ ತಿಂಗಳ ರಕ್ತಸ್ರಾವ ನಿಲ್ಲದೆ ಹೋಯಿತು. ಕಲಬುರಗಿಯಲ್ಲಿ ತೋರಿಸಿದರೆ ಗರ್ಭಕೋಶದಲ್ಲಿ ಗಡ್ಡೆ ಎಂದರು. ಅವ್ವನ ಇಡೀ ಪರಿವಾರ ಮನೆಗೇ ಬಂದು ಪ್ರಾರ್ಥಿಸಿತು. ಬಂದವರೆಲ್ಲ ಊರಿನ ಕೆಂಪು ಬಾಳೆಹಣ್ಣು ತಂದರು, ಅಕ್ಕನೇ ಎದ್ದು ಅವರಿಗೆಲ್ಲ ಚಹಾ ಮಾಡಿದಳು. ಅದಾದ ವಾರ ಸ್ರಾವ ನಿಂತಿತು. ಔಷಧವೂ ನಡೆದಿತ್ತು, ಆದರೆ ಔಷಧಕ್ಕೆ ಸಾಕ್ಷಿ ಹೇಳುವವರು ಯಾರು? ಅವ್ವ ಭಾನುವಾರ ಎದ್ದು ನಿಂತೇಬಿಟ್ಟಳು.

“ನನ್ನ ಮಗಳಿಗೆ ಪೂರಾ ಆರಾಮ ಆಗ್ಯದ್ರಿ. ಗಡ್ಡಿ ಕರಗಿ ಹೋಗ್ಯದ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ನಾಲ್ಕು ದಿನಕ್ಕೆ ಸ್ರಾವ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಆದರೆ ಸಭೆಯ ಲೆಕ್ಕದಲ್ಲಿ ಅಕ್ಕ ಗುಣವಾಗಿದ್ದಳು. ಯಾರೂ ಬರಲಿಲ್ಲ, ಯಾರೂ ಪ್ರಾರ್ಥಿಸಲಿಲ್ಲ. ಬಂದವರೂ ಬೇರೆ ಕೆಲಸಕ್ಕೆ ಬಂದರು. ಮಹಾಗಾಂವದಿಂದ ಇಬ್ಬರು ಹೆಂಗಸರು ಬಸ್ ಹಿಡಿದು, ಗಡ್ಡೆ ಕರಗಿದವಳನ್ನು ಕಣ್ಣಾರೆ ನೋಡಲು ಬಂದರು.

“ಖರೇನ ಆರಾಮ ಆತೇನ್ರಿ ಟೀಚರ್?”

ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು, “ಹೌದ್ರಿ” ಎಂದಳಂತೆ. ಅವರು ಹೋದ ಮೇಲೆ ಅಲ್ಲೇ ಕುಸಿದು ಕೂತಳಂತೆ.

ನಾನಿರುವುದು ಕಲಬುರಗಿಯ ಗಾಜಿಪುರದಲ್ಲಿ, ಕೆಲಸ ಜಗತ್ ಸರ್ಕಲ್ ಹತ್ತಿರದ ಕನ್ನಡಕದ ಅಂಗಡಿಯಲ್ಲಿ. ಅಕ್ಕ ದವಾಖಾನೆಗೆ ಬರುವಾಗಲೆಲ್ಲ ಊರಲ್ಲಿ, “ತಂಗಿ ಕರದಾಳ, ಸೀರಿ ತಗೋಬೇಕಂತ” ಎಂದು ಹೇಳಿ ಬರುತ್ತಿದ್ದಳು. ಹಾಗಾಗಿ ಡಾಕ್ಟರನ್ನು ಕಂಡ ಮೇಲೆ ನಾವಿಬ್ಬರೂ ಜಗತ್ ಸರ್ಕಲ್‌ನ ಗದ್ದಲದಲ್ಲಿ ಬಟ್ಟೆ ಅಂಗಡಿ ಹುಡುಕಬೇಕು. ಬರಿಗೈಲಿ ಬಸ್ ಇಳಿದರೆ ಊರು ಕೇಳದೆ ಬಿಡುತ್ತದೆಯೇ? ಸಲೈನ್ ಹಾಕಿದ ಕೈಗೆ ಇನ್ನೂ ಹತ್ತಿ ಅಂಟಿರುವಾಗಲೇ ಅಕ್ಕ ಗಾದಿಯ ಮೇಲೆ ಕೂತು, “ಈ ಬಣ್ಣ ಬ್ಯಾಡ್ರಿ, ಜರಾ ತಿಳಿ ತೋರಸ್ರಿ” ಅನ್ನುತ್ತಿದ್ದಳು. ಒಮ್ಮೆ ಅಂಗಡಿಯವನು ಅವಳ ಮುಖ ನೋಡಿ ನೀರು ತರಿಸಿದ. ನನಗೆ ಅಳುವೂ ಬಂತು, ನಗುವೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಅವ್ವನ ಮೇಲೆ ಸಿಟ್ಟು ಬಂತು.

ಗಾಜಿಪುರದಲ್ಲಿ ನಮ್ಮ ಪಕ್ಕದ ಮನೆಯ ಶರಣರ ಕಾಕಿಯ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡೆ. ಅವರು ವಿಭೂತಿ ಹಚ್ಚಿದ ಹಣೆ ಗಂಟಿಕ್ಕಿ ಯೋಚಿಸಿದರು. “ನಮ್ಮಲ್ಲಿ ಹರಕಿ ತೀರಸೂದು ಆರಾಮ ಆದ ಮ್ಯಾಲ ನೋಡವಾ. ನಿಮ್ಮವ್ವ ಭಾಳ ಅವಸರ ಮಾಡ್ಯಾರ.”

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರಮ್ಮ ಸಿಟ್ಟಾದರು. “ಇನ್ನ ತಡ ಮಾಡಬ್ಯಾಡ್ರಿ. ಗರ್ಭಕೋಶ ತೆಗೀಲೇಬೇಕು. ಮೈಯಾಗ ರಕ್ತ ಉಳಿದಿಲ್ಲ, ಹಿಂಗೇ ಬಿಟ್ರ ಜೀವಕ್ಕೇ ಕುತ್ತು. ರಕ್ತ ಕೊಡವರನ್ನ ಕರ್ಕೊಂಡು ಬರ್ರಿ.”

ರಕ್ತ ಕೊಡುವವರೆಂದರೆ ಯಾರು? ಸಭೆಯ ಹುಡುಗರೇ. ಅವರ ಮುಂದೆ ಏನೆಂದು ಕೇಳುವುದು, ಕರಗಿಹೋದ ಗಡ್ಡೆಯನ್ನು ಕೊಯ್ಯಬೇಕಾಗಿದೆ ಎಂದೇ? ಅಕ್ಕ ಒಪ್ಪಲೇ ಇಲ್ಲ. “ಅವ್ವ ಎಲ್ಲರ ಮುಂದ ನಿಂತು ಹೇಳ್ಯಾಳ. ಈಗ ನಾ ಹೋಗಿ ದವಾಖಾನ್ಯಾಗ ಮಲಕೊಂಡ್ರ ಆಕಿ ಮಾರಿ ಎಲ್ಲಿ ಇಟ್ಕೋಬೇಕು? ಇರ್ಲಿ ಬಿಡು.”

ಇರಲಿ ಬಿಡು ಅಂತೆ. ನಾನು ಆ ಶನಿವಾರವೇ ಕಮಲಾಪುರದ ಬಸ್ ಹತ್ತಿದೆ. ಹೋಗುತ್ತಲೇ ಅವ್ವನ ಜೊತೆ ಜಗಳಕ್ಕೆ ನಿಂತೆ.

“ಸಾಕ್ಷಿ ವಾಪಸ್ ತಗೋ ಅವ್ವಾ. ಆಕಿ ಸಾಯಾಕತ್ತಾಳ.”

“ಹಂಗ ಅನಬ್ಯಾಡ. ವಿಶ್ವಾಸದ ಮಾತು ಆಡು. ಆಕಿಗಿ ಆಗಲೇ ಆರಾಮ ಆಗ್ಯದ, ಮೈಗಿ ಇನ್ನಾ ಗೊತ್ತಾಗಿಲ್ಲ ಅಷ್ಟ.”

“ಮೈಗಿ ಗೊತ್ತಾಗೂದ್ರಾಗ ಮಣ್ಣಿಗಿ ಹೋಗ್ತಾಳ. ನಿನ್ನ ವಿಶ್ವಾಸ ಬಾಟ್ಲ್ಯಾಗ ಹಾಕಿ ಏರಸ್ತಾರೇನು?”

ಅವ್ವ ಎಣ್ಣೆಯ ಶೀಶೆ ತೆಗೆದುಕೊಂಡು ಯಾರದೋ ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಲು ಹೋದಳು. ಊರ ಮೊಣಕಾಲಿಗೆಲ್ಲ ಪ್ರಾರ್ಥನೆ ಇತ್ತು, ಮನೆಯ ಮಗಳಿಗೆ ಇರಲಿಲ್ಲ.

ಮಾರನೆಯ ದಿನ ಆರಾಧನೆಗೆ ಮೂವರೂ ಹೋದೆವು. ಎಲ್ಲರೂ ಎದ್ದು ನಿಂತು ಹಾಡುವಾಗ ಅಕ್ಕ ಏಳಲು ನೋಡಿದಳು, ಆಗಲಿಲ್ಲ, ಗೋಡೆಗೆ ಒರಗಿ ಕೂತೇ ಇದ್ದಳು. ಹಿಂದಿನಿಂದ ಯಾರೋ ಪಿಸುಗುಟ್ಟಿದರು, “ಆರಾಮಾದಾಕಿಗಿ ಏಳಾಕ ಏನಾಗ್ಯದ?” ಅವ್ವನಿಗೂ ಅದು ಕೇಳಿಸಿತು. ಹಾಡುತ್ತಲೇ ತಿರುಗಿ ಅಕ್ಕನನ್ನು ನೋಡಿದಳು. ಹಾಡು ಮುಂದುವರಿಯಿತು, ಅವ್ವನ ಬಾಯಿ ಮಾತ್ರ ನಿಂತಿತು.

ಹಾಡು ಮುಗಿದ ಮೇಲೆ ಪಾಸ್ಟರು ಸಾಕ್ಷಿ ಹೇಳುವವರಿದ್ದರೆ ಹೇಳಿ ಎಂದರು. ಅವ್ವ ಎದ್ದಳು. ಅವಳು ಎದ್ದದ್ದಕ್ಕೇ ಅರ್ಧ ಜನ ‘ಸ್ತೋತ್ರ’ ಎಂದುಬಿಟ್ಟರು.

“ಸ್ತೋತ್ರ ಬ್ಯಾಡ್ರಿ,” ಎಂದಳು ಅವ್ವ. “ನಾ ಆವತ್ತು ಹೇಳಿದ್ದು ಖರೇ ಅಲ್ಲ. ನನ್ನ ಮಗಳಿಗಿ ಆರಾಮಿಲ್ಲ.”

ಪಾಸ್ಟರು ಗಂಟಲು ಸರಿಮಾಡಿಕೊಂಡು, ನೀವೇ ಪ್ರಾರ್ಥನೆ ಮಾಡಿರಿ ಎಂದರು. ಅವ್ವ ಬಂದು ಅಕ್ಕನ ತಲೆಯ ಮೇಲೆ ಕೈಯಿಟ್ಟಳು. ದೇವರ ಮುಂದೆ ಅವಳು ಯಾವಾಗಲೂ ಸತ್ಯವೇದದ ಗ್ರಂಥಭಾಷೆಯಲ್ಲೇ ಮಾತಾಡುವವಳು. ಅವತ್ತು ಆ ಮಾತು ಒಂದೂ ಬರಲಿಲ್ಲ.

“ಯಪ್ಪಾ ದೇವರೇ, ನನಗ ಮೊದಲೇ ಗೊತ್ತಿತ್ತು,” ಎಂದಳು ಕೊನೆಗೆ. “ಮತ್ತ ರಕ್ತ ಹೋಗಾಕತ್ತಿದ್ದು ನೋಡೀನಿ. ಆಕಿ ಸೀರಿ ಅರಬಿ ತೊಳದಾಕಿ ನಾನೇ. ಅಂಜೀನಿ ನಾ. ಅಂಜಿ ಸುಮ್ನಿದ್ದೆ.”

ಅವ್ವನ ಕೈಯ ಕೆಳಗೆ ಅಕ್ಕ ಅಳತೊಡಗಿದಳು. “ಭಾಳ ನೋವಾಗ್ತದವ್ವಾ,” ಎಂದಳು. ಆ ಮಾತನ್ನು ಅವಳು ಅವ್ವನ ಎದುರು ಆಡಿದ್ದು ಅದೇ ಮೊದಲು.

ಅವ್ವ ಆಮೆನ್ ಅನ್ನದೆಯೇ ಕಣ್ಣು ತೆರೆದಳು. ಉಳಿದವರೆಲ್ಲ ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

“ಕಣ್ಣ ತೆಗೀರಿ ಎಲ್ಲಾರೂ,” ಎಂದಳು. “ನಾಳಿ ಕಲಬುರಗಿ ದವಾಖಾನಿಗಿ ಕರ್ಕೊಂಡು ಹೋಗ್ತೀನಿ. ಆಕಿಗಿ ರಕ್ತ ಬೇಕು. ಯಾರ್ಯಾರು ಬರ್ತೀರಿ, ಎದ್ದು ನಿಂದರ್ರಿ.”