ಹಾಲಿನಂತೆ ಬೆಳ್ಳಗಿದ್ದ ಪ್ಲಾಸ್ಮಾ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಪುಣೆಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ಒಂದು ಬೆಳಿಗ್ಗೆ ಮಹಾದೇವಿ ಎಂಬ ತುಂಬು ಗರ್ಭಿಣಿ ದಾಖಲಾದಳು. ಯಾದಗಿರಿ ಕಡೆಯವಳು, ಗಂಡನೊಡನೆ ಪುಣೆಯ ಕೊಂಢವಾ ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದಳು. ಎಡಗಾಲು ತೊಡೆಯವರೆಗೆ ಬಾತಿತ್ತು. ಸ್ಕ್ಯಾನ್‌ನಲ್ಲಿ ರಕ್ತನಾಳದೊಳಗೆ ಹೆಪ್ಪು ಕಂಡಿತು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ.

ಹೆರಿಗೆಯ ರಕ್ತಸ್ರಾವ ತಡೆಯಲೆಂದು ಬಸಿರಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕೊಬ್ಬು, ಕೊಲೆಸ್ಟರಾಲ್ ಹೊತ್ತು ತಿರುಗುವ ಸೂಕ್ಷ್ಮ ಕಣಗಳೂ ಹೆಚ್ಚುತ್ತವೆ. ಮಹಾದೇವಿಯಲ್ಲಿ ಅವು ಮಿತಿಮೀರಿದ್ದವು. ತಿಳಿಹಳದಿಯಾಗಿರಬೇಕಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿತ್ತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯ ಡ್ರಿಪ್ ಶುರುವಾಯಿತು. ಅದು ಕಡಿಮೆಯಾದರೆ ಹೆಪ್ಪು ಬೆಳೆಯುತ್ತದೆ, ಹೆಚ್ಚಾದರೆ ಹೆರಿಗೆಯಲ್ಲಿ ರಕ್ತ ನಿಲ್ಲದು. ಪ್ರಮಾಣ ಸರಿಯಿದೆಯೇ ಎಂದು ಹೇಳುವುದು ಎಪಿಟಿಟಿ ಪರೀಕ್ಷೆ, ಅಂದರೆ ಪ್ಲಾಸ್ಮಾ ಹೆಪ್ಪಾಗಲು ಹಿಡಿಯುವ ಸೆಕೆಂಡುಗಳ ಎಣಿಕೆ. ನಮ್ಮ ಯಂತ್ರ ಅದನ್ನು ಬೆಳಕು ಹಾಯಿಸಿ ಅಳೆಯುತ್ತಿತ್ತು. ಆ ಬಿಳುಪಿನಲ್ಲಿ ಬೆಳಕು ಹಾಯಲಿಲ್ಲ.

"ಮ್ಯಾಡಮ್, ಮಶೀನ್ ರಿಝಲ್ಟ್‌ಚ್ ದೇತ್ ನಾಹೀ," ಎಂದಳು ಟೆಕ್ನಿಷಿಯನ್ ಸ್ವಾತಿ. ಯಂತ್ರ ಫಲಿತಾಂಶವನ್ನೇ ಕೊಡುತ್ತಿಲ್ಲವೆಂದು ಮರಾಠಿಯಲ್ಲಿ ದೂರು.

ಪ್ರಸೂತಿ ತಜ್ಞೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಅಂದಾಜಿನ ಮೇಲೆ ನಾನು ಡೋಸ್ ಏರಿಸುವುದಿಲ್ಲ."

ಬೇರೆ ಲ್ಯಾಬಿಗೆ ಕಳಿಸಿ ಕಾಯುವಷ್ಟು ಹೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಓದುವಾಗ ಕಲಿತಂತೆ ಕೈಯಿಂದಲೇ ಮಾಡುವುದೆಂದು ನಿರ್ಧರಿಸಿದೆ. ಮೂವತ್ತೇಳು ಡಿಗ್ರಿಯ ನೀರಿನಲ್ಲಿ ಗಾಜಿನ ನಳಿಕೆ ಇಟ್ಟು, ಪ್ಲಾಸ್ಮಾಕ್ಕೆ ರಾಸಾಯನಿಕ ಬೆರೆಸಿ, ನಳಿಕೆಯನ್ನು ಓರೆ ಮಾಡುತ್ತ ಹೆಪ್ಪಿನ ಮೊದಲ ಎಳೆಗಾಗಿ ಕಾದೆ. ಹೋಲಿಕೆಗೆಂದು ಮೊದಲು ಆರೋಗ್ಯವಂತರ ಪ್ಲಾಸ್ಮಾ, ಆಮೇಲೆ ಮಹಾದೇವಿಯದು. ಸ್ವಾತಿಯೂ ಬೇರೆಯಾಗಿ ಮಾಡಿದಳು. ಇಬ್ಬರ ಲೆಕ್ಕವೂ ತಾಳೆಯಾಯಿತು: ಔಷಧಿ ಇನ್ನೂ ಸಾಲದು. ಡೋಸ್ ಏರಿತು.

ಮುಂದಿನ ಸ್ಯಾಂಪಲ್ಲಿಗೆ ನಾನೇ ವಾರ್ಡಿಗೆ ಹೋದೆ. ಕನ್ನಡ ಕೇಳಿದ್ದೇ ಮಹಾದೇವಿ ಎದ್ದು ಕೂತಳು.

"ಅಕ್ಕಾರ, ನನ್ನ ರಕ್ತ ಹಾಲಾಗ್ಯಾದಂತ, ಖರೇ ಏನ್ರಿ?"

"ಕೊಬ್ಬು ಭಾಳ ಆಗೇದ, ಅಷ್ಟ. ಎಣ್ಣಿ, ಶೇಂಗಾ ಬಿಟ್ರ ಇಳೀತದ."

"ಕೂಸಿಗೇನೂ ಆಗಂಗಿಲ್ಲಲ್ರಿ?"

ಸುಳ್ಳು ಭರವಸೆ ಕೊಡಲು ಬಾಯಿ ಬರಲಿಲ್ಲ. "ಆಗಬಾರ್ದು ಅಂತನ ಮ್ಯಾಲಿಂದ ಮ್ಯಾಲ ರಕ್ತ ತಗೋಳಾಕತ್ತೀನಿ," ಎಂದೆ.

ಅವಳು ತೋಳು ಚಾಚಿದಳು. "ಹಂಗಾದ್ರ ತಗೋರಿ. ಎಷ್ಟ್ ಬೇಕಷ್ಟು."

ಮುಂದಿನ ವಾರ ಹೆರಿಗೆ ನೋವು ಕಾಣಿಸಿತು. ವೈದ್ಯರು ಹೆಪಾರಿನ್ ನಿಲ್ಲಿಸಿದರು. ನಾನು ಮತ್ತೆ ಕೈಯಿಂದಲೇ ಅಳೆದು, ಹೆಪ್ಪುಗಟ್ಟುವಿಕೆ ಸಹಜಕ್ಕೆ ಮರಳಿದ್ದನ್ನು ತಿಳಿಸಿದೆ. ಹೆಣ್ಣುಮಗು ಹುಟ್ಟಿತು. ಹೆಚ್ಚು ರಕ್ತ ಹೋಗಲಿಲ್ಲ.

ಲ್ಯಾಬಿನಲ್ಲಿ ಕೂತವರಿಗೆ ರೋಗಿಯ ಮುಖ ಕಾಣುವುದು ಅಪರೂಪ. 'ಫಲಿತಾಂಶ ಲಭ್ಯವಿಲ್ಲ' ಎಂದು ಬರೆದರೆ ಯಾರೂ ನಮ್ಮನ್ನು ತಪ್ಪಿತಸ್ಥರೆನ್ನುವುದಿಲ್ಲ. ಆದರೆ ಅಂದಿನಿಂದ ಆ ಎರಡು ಪದ ಬರೆಯುವ ಮುನ್ನ ನಾನು ವಾರ್ಡಿಗೆ ಹೋಗಿ ಆ ವ್ಯಕ್ತಿಯನ್ನು ನೋಡಿ ಬರುತ್ತೇನೆ. ನೋಡಿ ಬಂದ ಮೇಲೆ ಅವನ್ನು ಬರೆಯುವುದು ಸುಲಭವಲ್ಲ. ಇನ್ನೊಂದು ದಾರಿ ಹುಡುಕಲೇಬೇಕಾಗುತ್ತದೆ.